ಮುಟ್ಟಿ ನೋಡಿ ಕೊಂಡ ಲೆನ್ಸು

ನನ್ನ ಹೆಬ್ಬೆರಳಿಗೆ ಒಂದು ಕೆಟ್ಟ ಚಾಳಿ ಇದೆ. ಎಲ್ಲಿ ಏನು ಕಂಡರೂ ತೋರುಬೆರಳನ್ನು ಜೊತೆಗೆ ಕರೆದುಕೊಂಡು ಹೋಗಿ ತಿಕ್ಕಿ ನೋಡಿ ಬರುತ್ತದೆ. ಮದುವೆಯ ಕರೆಯೋಲೆ ಕೈಗೆ ಬಂದರೆ ಹುಡುಗ ಯಾರು, ಮುಹೂರ್ತ ಯಾವಾಗ ಎಂದು ಓದುವ ಮೊದಲೇ ಕಾಗದದ ಮೂಲೆಯನ್ನು ತಿಕ್ಕಿ ಮುಗಿಸಿರುತ್ತೇನೆ. ಬಸ್ಸಿನ ಕಿಟಕಿಯ ಪರದೆ, ಬ್ಯಾಂಕಿನ ಪಾಸ್‌ಬುಕ್ಕು, ಪಕ್ಕದ ಮನೆಯ ಕೂಸಿನ ಕಿವಿ, ಯಾವುದನ್ನೂ ಬಿಟ್ಟಿಲ್ಲ. ಮೊನ್ನೆ ಬೀಗರ ಮನೆಯಲ್ಲಿ ಊಟಕ್ಕೆ ಕೂತಾಗ ಎಲೆಗೆ ಬಿದ್ದ ಹೋಳಿಗೆಯ ಅಂಚನ್ನು ಎರಡು ಬೆರಳ ನಡುವೆ ಹಿಡಿದು ತಿಕ್ಕಿದೆನಂತೆ. ಬಡಿಸುತ್ತಿದ್ದ ಬೀಗತಿ ಸೌಟು ಹಿಡಿದು ನಿಂತವರು, "ಯಾಕ್ರೀ, ಹೋಳಿಗಿ ಬಣ್ಣ ಬಿಡ್ತೈತೇನ್ರೀ?" ಎಂದು ಕೇಳಿದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನೂ ನಕ್ಕೆ, ಮತ್ತೇನು ಮಾಡಲಿ?

ಇದು ನಾನು ಕಲಿತದ್ದಲ್ಲ, ಹುಟ್ಟಿದ ಮನೆಯಿಂದ ಬಂದದ್ದು. ನನ್ನ ತವರು ಈಗ ತೆಲಂಗಾಣದಲ್ಲಿರುವ ನಾರಾಯಣಪೇಟೆ. ಮುಂದೆ ಸೀರೆ ಅಂಗಡಿ, ಹಿಂದೆ ಮಗ್ಗದ ಕೋಣೆ, ನಡುವಿನ ಒಂದಿಷ್ಟು ಜಾಗದಲ್ಲಿ ನಾವು. ಅಂಗಡಿಯ ಯಜಮಾನ ನನ್ನ ಅಪ್ಪನ ತಮ್ಮ ಬಸಣ್ಣ ಕಾಕಾ. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡ ಮೇಲೆ ನಮಗೆ ಮನೆಯೂ ಕಾಕಾನೇ, ಬೆನ್ನೂ ಕಾಕಾನೇ. ಆತನಿಗೆ ಒಂದು ಮೀಸೆ ಇತ್ತು. ಇತ್ತು ಎಂದರೆ ಸಾಲದು. ಹಿಂದಿನಿಂದ ನೋಡಿದರೂ ಎರಡು ಕೆನ್ನೆಯ ಆಚೆ ತುದಿಗಳು ಕಾಣುತ್ತಿದ್ದವು. ಗಿರಾಕಿಗಳು ಸೀರೆ ನೋಡುವ ಮೊದಲು ಆ ಮೀಸೆಯನ್ನು ಒಂದು ಸಲ ನೋಡಿಕೊಳ್ಳುತ್ತಿದ್ದರು.

ಮಾಲು ನೋಡುವ ವಿದ್ಯೆಯನ್ನು ನನಗೆ ಕಲಿಸಿದವನು ಈ ಕಾಕಾ. ಮೊದಲು ತಿಕ್ಕಬೇಕು. ಆಮೇಲೆ ತಿರುವಿ ಹಿಂದಿನ ಮಗ್ಗಲು ನೋಡಬೇಕು. "ಮುಂದಿನ ಮಗ್ಗಲು ಗಿರಾಕಿಗೆ, ಹಿಂದಿನ ಮಗ್ಗಲು ದೇವರಿಗೆ" ಎನ್ನುತ್ತಿದ್ದ. ಕಡೆಗೆ ಅಂಗೈ ಮೇಲಿಟ್ಟು ತೂಗಬೇಕು. ಜರಿ ಖರೇನೋ ಖೋಟಾನೋ ಭಾರದಲ್ಲಿ ಗೊತ್ತಾಗುತ್ತದೆ. ಈ ಮೂರು ಪರೀಕ್ಷೆ ಪಾಸಾದ ಮೇಲೆಯೇ ಬಾಯಿಂದ ಮಾತು. ನನಗೆ ಹುಡುಗನನ್ನು ನೋಡಲು ಮಕ್ತಲ್‌ಗೆ ಹೋದಾಗಲೂ ಕಾಕಾ ನಮ್ಮವರ ಅಂಗಿಯ ತೋಳನ್ನು ಮಾತಿನ ನಡುವೆ ತಿಕ್ಕಿ ನೋಡಿದ್ದನಂತೆ. ಹಿಂದಿನ ಮಗ್ಗಲು ನೋಡಿದನೋ ಇಲ್ಲವೋ, ನಮ್ಮವರು ಇವತ್ತಿಗೂ ಹೇಳುವುದಿಲ್ಲ.

ಆದರೆ ಇದೇ ಕಾಕಾ ಗದ್ವಾಲ್ ಸೀರೆ ಮಾರುವಾಗ ಬೇರೆಯೇ ಆಟ ಆಡುತ್ತಿದ್ದ. ನನ್ನ ಅವ್ವ ನೀಲಮ್ಮ ಗದ್ವಾಲಿನ ಮಗಳು. ಲಗ್ನವಾಗಿ ಬರುವಾಗ ಬಂಗಾರ ಎಷ್ಟು ತಂದಳೋ ಗೊತ್ತಿಲ್ಲ, ತವರಿನ ನೇಯ್ಗೆಯನ್ನು ಮಾತ್ರ ಕೈಯಲ್ಲಿ ತಂದಳು. ಸೀರೆಯ ಮೈ ಹತ್ತಿ, ಅಂಚು ರೇಷ್ಮೆ, ಎರಡೂ ಸೇರುವ ಕಡೆ ಎಳೆಗೆ ಎಳೆ ಕೈಯಿಂದಲೇ ಸಿಕ್ಕಿಸಬೇಕು. ಅವಳು ನೇಯ್ದ ಸೀರೆ ಎಷ್ಟು ತೆಳುವೆಂದರೆ, ಕಾಕಾ ಗಿರಾಕಿಯ ಮುಂದೆ ಅದನ್ನು ಮಡಿಸಿ, ಮಡಿಸಿ, ಮತ್ತೆ ಮಡಿಸಿ, ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದು ಅದರೊಳಗೆ ತುರುಕಿ ತೋರಿಸುತ್ತಿದ್ದ. ಕಡ್ಡಿಪೆಟ್ಟಿಗೆ ಅಡುಗೆಮನೆಯ ದೊಡ್ಡದು ಎಂಬುದು ಮನೆಯವರಿಗೆ ಮಾತ್ರ ಗೊತ್ತು. ಬೀಡಿ ಸೇದದ ಕಾಕಾನ ಜೇಬಿನಲ್ಲಿ ಸದಾ ಕಡ್ಡಿಪೆಟ್ಟಿಗೆ. ಯಾರಾದರೂ ದಾರಿಯಲ್ಲಿ ಬೆಂಕಿ ಕೇಳಿದರೆ ಖಾಲಿ ಪೆಟ್ಟಿಗೆ ತೆರೆದು, "ಇದ್ರಾಗ ಸೀರಿ ಇಡ್ತೀನ್ರೀ" ಎನ್ನುತ್ತಿದ್ದ. ಬೆಂಕಿ ಕೇಳಿದವರು ದೂರ ಸರಿಯುತ್ತಿದ್ದರು. ನಾನೂ ಒಮ್ಮೆ ಶಾಲೆಯ ಲಂಗವನ್ನು ಕಡ್ಡಿಪೆಟ್ಟಿಗೆಯಲ್ಲಿ ತುರುಕಲು ಹೋಗಿ ಮಧ್ಯಾಹ್ನವೆಲ್ಲ ಕಳೆದು ಲಂಗವನ್ನೂ ಪೆಟ್ಟಿಗೆಯನ್ನೂ ಹರಿದಿದ್ದೇನೆ.

ಈಗ ಅವ್ವನ ಕಣ್ಣಿನ ವಿಷಯಕ್ಕೆ ಬರಬೇಕು. ಅದಿಲ್ಲದಿದ್ದರೆ ನನ್ನ ಕೈಗೆ ಕ್ಯಾಮೆರಾ ಬರುತ್ತಲೇ ಇರಲಿಲ್ಲ. ಅವ್ವನ ಕಣ್ಣು ದೊಡ್ಡವು, ಓಣಿಯಲ್ಲೆಲ್ಲ ಹೆಸರಾದವು. ಆದರೆ ಫೋಟೊದಲ್ಲಿ ಅವಳಿಗೆ ಕಣ್ಣೇ ಇಲ್ಲ. ಲಗ್ನದ ಫೋಟೊದಲ್ಲಿ ಅಪ್ಪ ನೆಟ್ಟಗೆ ನೋಡುತ್ತಿದ್ದರೆ ಪಕ್ಕದಲ್ಲಿ ಅವ್ವ ಕಣ್ಣು ಮುಚ್ಚಿ ನಿಂತಿದ್ದಾಳೆ. ನನ್ನ ತೊಟ್ಟಿಲ ದಿನ, ಕಣ್ಣು ಮುಚ್ಚಿದ್ದಾಳೆ. ಕಾಕಾನ ಲಗ್ನ, ಮುಚ್ಚಿದ್ದಾಳೆ. ರೇಷನ್ ಕಾರ್ಡಿನಲ್ಲಂತೂ ಸಾಕ್ಷಾತ್ ಶರಣೆ ಧ್ಯಾನಕ್ಕೆ ಕೂತ ಹಾಗೆ. ಫ್ಲಾಶು ಮಿಂಚುವುದಕ್ಕೆ ಒಂದು ಕೂದಲೆಳೆ ಮೊದಲು ಅವಳ ರೆಪ್ಪೆ ಬೀಳುತ್ತಿತ್ತು. ಸ್ಟುಡಿಯೋದಲ್ಲಿ ಬಣ್ಣದ ಮೆಟ್ಟಿಲು, ಬಿಳಿ ಹಂಸದ ಪರದೆ ಮುಂದೆ ಕೂರಿಸಿ, ಫೋಟೊದವನು ತೆಲುಗಿನಲ್ಲಿ "ಕದಲೊದ್ದು ಅಮ್ಮಾ, ಕದಲೊದ್ದು" ಎಂದು ಅಲುಗಾಡದಂತೆ ಬೇಡಿಕೊಳ್ಳುತ್ತಿದ್ದ. ಒಂದು, ಎರಡು, ಮೂರು ಎಂದರೆ ಮೂರಕ್ಕೆ ಮುಚ್ಚುತ್ತಾಳೆಂದು ಮೋಸ ಮಾಡಿ ಎರಡಕ್ಕೇ ಒತ್ತಿದ. ಎರಡಕ್ಕೇ ಮುಚ್ಚಿದಳು. ಕಡೆಗೆ ಅವನೇ ಕಣ್ಣು ಮುಚ್ಚಿ ಕುರ್ಚಿಯಲ್ಲಿ ಕೂತುಬಿಟ್ಟ.

ನಮ್ಮ ರಾಜ್ಯ ಹೊಸದಾದ ವರ್ಷ ಈ ಕಣ್ಣಿನ ಪಂಚಾಯತಿ ದೊಡ್ಡದಾಯಿತು. ಆಗ ಊರ ತುಂಬ ಬಣ್ಣದ ಡಬ್ಬಿಗಳು. ಕಚೇರಿ, ಬಸ್‌ಸ್ಟ್ಯಾಂಡು, ಶಾಲೆ, ಎಲ್ಲ ಬೋರ್ಡುಗಳ ಮೇಲೂ ಹಳೆಯದನ್ನು ಅಳಿಸಿ ತೆಲಂಗಾಣ ಎಂದು ಬರೆಯುತ್ತಿದ್ದರು. ನಾನು ಕಲಿಸುವ ಕೃಷ್ಣಾ ಕಡೆಯ ಕನ್ನಡ ಶಾಲೆಗೂ ಪೇಂಟರ್ ಬಂದ. ಅವನಿಗೆ ಕನ್ನಡ ಬರದು. ನಾನು ಸೀಮೆಸುಣ್ಣದಲ್ಲಿ ಅಕ್ಷರ ಬರೆದುಕೊಟ್ಟೆ, ಅವನು ಮೇಲೆ ಬಣ್ಣ ತುಂಬಿದ. ಎಲ್ಲರಿಗೂ ಏನಾದರೂ ಹೊಸದು ಮಾಡುವ ಹುಕಿ. ನೇಕಾರರ ಸಂಘದವರಿಗೂ ಬಂತು. ನಾರಾಯಣಪೇಟೆ, ಗದ್ವಾಲ್ ಎರಡೂ ಕಡೆಯ ಸೀರೆಗಳನ್ನು ಗದ್ವಾಲಿನ ಕೋಟೆಯೊಳಗೆ ತೂಗುಹಾಕುವುದು, ಪ್ರತಿ ಸೀರೆಯ ಮೇಲೆ ಅದನ್ನು ನೇಯ್ದವರ ದೊಡ್ಡ ಫೋಟೊ ಇಡುವುದು ಎಂದು ಠರಾವು ಮಾಡಿದರು.

ನಮ್ಮ ಮನೆಯಿಂದ ಆರಿಸಿದ್ದು ಅವ್ವ ಆಗ ಮಗ್ಗದ ಮೇಲೆ ಏರಿಸಿದ್ದ ಬದನೆಕಾಯಿ ಬಣ್ಣದ ಸೀರೆಯನ್ನು. ಆದರೆ ನಮ್ಮಲ್ಲಿ ಒಂದು ರೂಢಿ. ಮಗ್ಗ ಯಾರ ಹೆಸರಿನಲ್ಲಿದೆಯೋ ಸೀರೆ ಅವರ ಹೆಸರಿಗೆ. ಮಗ್ಗ ಇದ್ದದ್ದು ಕಾಕಾನ ಹೆಸರಿನಲ್ಲಿ. ಹೀಗಾಗಿ ಅವ್ವನ ಬಣ್ಣ, ಅವ್ವನ ಹೂವು, ಅವ್ವನ ಲೆಕ್ಕದಲ್ಲಿ ಹುಟ್ಟಿದ ಸೀರೆಗಳೆಲ್ಲ ಇಷ್ಟು ವರ್ಷ ಬಸಣ್ಣನ ಸೀರೆ ಎಂದೇ ಪೇಟೆಗೆ ಹೋಗಿದ್ದವು. ಕಾಕಾನಿಗೇ ಅದು ಸರಿಬರಲಿಲ್ಲ. ಅತ್ತಿಗೆಯ ಪರವಾಗಿ ಸಂಘದವರಿಗೆ ಹೇಳಿದ: "ಸೀರಿ ನಮ್ಮ ವೈನಿದು. ನಾ ಬರೇ ಬಾಜೂಕ ಕುಂತು ಅಂಚಿನ ಎಳಿ ಕೊಡಾಂವ. ಫೋಟೊ ವೈನಿದ ಹಾಕ್ರಿ." ಸಂಘದವರು ಆಗಲಿ ಎಂದರು, ಅವ್ವನ ಫೋಟೊ ತರಿಸಿ ನೋಡಿದರು. ಆಮೇಲೆ ತಲೆ ಕೆರೆದುಕೊಂಡರು. ಕಣ್ಣು ಮುಚ್ಚಿದವರ ಫೋಟೊ ದೊಡ್ಡದು ಮಾಡಿ ಗೋಡೆಗೆ ಹಾಕಿದರೆ ನೋಡಿದವರು ಹೂವಿನ ಹಾರ ಹಾಕಿ ಕೈ ಮುಗಿದು ಹೋಗುತ್ತಾರೆ, ಕಣ್ಣು ಬಿಟ್ಟದ್ದು ಇದ್ದರೆ ಕೊಡಿ, ಇಲ್ಲದಿದ್ದರೆ ಬಸಣ್ಣನ ಮೀಸೆಯದೇ ಹಾಕುತ್ತೇವೆ ಎಂದರು. ಅದು ಹೇಗೂ ಫ್ರೇಮು ಸಮೇತ ತಯಾರಿತ್ತು.

ಅವ್ವ, "ಹೋಗ್ಲಿ ಬಿಡವಾ, ಸೀರಿ ಚಂದ ಬಂದ್ರ ಸಾಕು. ನನ್ನ ಮಾರಿ ನೋಡಿ ಯಾರಿಗೇನಾಗ್ಬೇಕೈತಿ?" ಎಂದಳು. ನಾನು ನಂಬಿದೆ. ಆದರೆ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ, "ಆ ಫೋಟೊ ಎಷ್ಟು ದೊಡ್ಡದು ಮಾಡ್ತಾರಂತ?" ಎಂದು ಕೇಳಿದಳು. ಇಷ್ಟು ದೊಡ್ಡದು ಎಂದು ಕೈ ಅಗಲಿಸಿ ತೋರಿಸಿದೆ. "ನಮ್ಮ ಗದ್ವಾಲ್ ಮಂದಿ ಎಲ್ಲಾ ಬರ್ತಾರೇನೋ" ಎಂದಳು. ಆಮೇಲೆ ರೊಟ್ಟಿಯನ್ನೇ ಬಡಿದಳು. ತವರಿನ ಕೋಟೆಯಲ್ಲಿ ಅವಳ ಸೀರೆ ತೂಗಬೇಕು, ಅದರ ಮೇಲೆ ಅವಳು ಕಣ್ಣು ಬಿಟ್ಟು ನೋಡುತ್ತಿರಬೇಕು. ಬೇರೆ ಯಾವುದೂ ನಡೆಯುವುದಿಲ್ಲ ಎಂದು ಆಣೆ ಮಾಡಿಕೊಂಡೆ. ದೀಪಾವಳಿಗೆ ಬಳೆ ಮಾಡಿಸುತ್ತೇನೆ ಎಂದಿದ್ದ ನಮ್ಮವರಿಗೆ, ಬಳೆ ಬ್ಯಾಡ, ಕ್ಯಾಮೆರಾ ಬೇಕು, ಲೆನ್ಸು ಬದಲಿಸುವಂಥದ್ದು ಎಂದೆ. ಅವರು ಒಂದು ಗಳಿಗೆ ನನ್ನ ಕೈಯನ್ನೂ ಇನ್ನೊಂದು ಗಳಿಗೆ ನನ್ನ ಮುಖವನ್ನೂ ನೋಡಿ ಒಪ್ಪಿದರು.

ಹೈದರಾಬಾದಿಗೆ ಕಾಕಾ ಜೊತೆಗೆ ಬಂದ. ಕರೆಯದಿದ್ದರೂ ಬರುತ್ತಿದ್ದ. ನಾಲ್ಕು ಕಾಸಿನ ಮಾಲಾದರೂ ಸರಿ, ಮನೆಯ ಹೆಣ್ಣುಮಗಳು ಒಬ್ಬಳೇ ಹೋಗಿ ಕೊಂಡರೆ ಅವನ ಹೆಬ್ಬೆರಳಿಗೆ ಅವಮಾನ. ಕೋಠಿಯ ಕಡೆ ಒಂದು ಕ್ಯಾಮೆರಾ ಅಂಗಡಿ. ಗಾಜಿನ ಕಪಾಟಿನೊಳಗೆ ಲೆನ್ಸುಗಳು ಉಪ್ಪಿನಕಾಯಿ ಭರಣಿಗಳ ಹಾಗೆ ಸಾಲಾಗಿ ಕೂತಿದ್ದವು. ಅಂಗಡಿಯವರು ಒಳ್ಳೆಯ ಮನುಷ್ಯ. ಕ್ಯಾಮೆರಾದ ಜೊತೆ ಪೆಟ್ಟಿಗೆಯಲ್ಲೇ ಒಂದು ಸಣ್ಣ ಲೆನ್ಸು ಬರುತ್ತದೆ, ಅದಲ್ಲದೆ ಇನ್ನೊಂದು ಆರಿಸಿಕೊಳ್ಳಿ ಎಂದು ಎರಡನ್ನು ಮುಂದಿಟ್ಟರು. ಒಂದು ಮೊಳದುದ್ದದ್ದು, ದೂರದ್ದನ್ನು ಹತ್ತಿರ ಎಳೆಯುವ ಜೂಮು. ಇನ್ನೊಂದು ಗಿಡ್ಡದು, ಐವತ್ತು ಎಂ.ಎಂ., ಹಿಂದೆ ಮುಂದೆ ಏನೂ ಆಗದು, ಆದರೆ ಬಾಯಿ ಅಗಲ. ಕತ್ತಲ ಕೋಣೆಯಲ್ಲೂ ಫ್ಲಾಶ್ ಇಲ್ಲದೆ ಚಿತ್ರ ಬರುತ್ತದೆ ಎಂದು ಅವರು ಹೇಳಿದ್ದು ನಿಜ. ನಾವಿಬ್ಬರೂ ಕೇಳಿಸಿಕೊಂಡದ್ದೂ ನಿಜ. ಆದರೆ ಆ ಹೊತ್ತಿಗೆ ನಮ್ಮ ಕೈಗಳು ಕೆಲಸ ಶುರು ಮಾಡಿದ್ದವು.

ಕಾಕಾ ದೊಡ್ಡ ಲೆನ್ಸಿನ ಮುಚ್ಚಳ ತೆಗೆದ. ಹೆಬ್ಬೆರಳನ್ನು ಗಾಜಿನ ಮೇಲೆ ಇಟ್ಟು, ಚೆನ್ನಾಗಿ, ಮೂಲೆ ಮೂಲೆ ತಿಕ್ಕಿದ.

"ಅರೆ ಚಾಚಾ! ಶೀಶೆ ಕೂ ಹಾತ್ ನಕ್ಕೋ ಲಗಾವ್!" ಅಂಗಡಿಯವರು ಕೌಂಟರಿನಾಚೆಯಿಂದ ಅರ್ಧ ಹಾರಿ ಬಂದರು, ಗಾಜು ಮುಟ್ಟಬೇಡಿ ಎಂದು.

"ಮುಟ್ಟಲಾರದ ಮಾಲು ಹ್ಯಾಂಗ್ ತಗೋಬೇಕ್ರೀ ಸಾಬ್ರೇ?" ಎಂದ ಕಾಕಾ ನಿಜವಾದ ಆಶ್ಚರ್ಯದಿಂದ. "ನಮ್ಮ ಅಂಗಡ್ಯಾಗ ಬೇಕಾದ್ರ ಬರ್ರಿ, ಹೊತ್ತು ಮುಳುಗೂತನ ಮುಟ್ಟ್ರಿ."

ಅವರು ನನ್ನ ಕಡೆ ತಿರುಗಿದರು, ಟೀಚರಮ್ಮ ತಾನೆ, ಬುದ್ಧಿ ಹೇಳಲಿ ಎಂದು. ನಗಬೇಡಿ. ಅಷ್ಟರಲ್ಲಿ ನನ್ನ ಹೆಬ್ಬೆರಳು ಗಿಡ್ಡ ಲೆನ್ಸಿನ ಮೇಲೆ ಕೂತಿತ್ತು. ಅವರು ನೆತ್ತಿಯ ಟೋಪಿ ತೆಗೆದು ಮತ್ತೆ ಹಾಕಿಕೊಂಡು, ಬಟ್ಟೆ ತಂದು ಎರಡನ್ನೂ ಒರೆಸಿದರು. ಒರೆಸಿದ್ದೇ ತಡ, ಕಾಕಾ ದೊಡ್ಡದನ್ನು ತಿರುವಿ ಹಿಂದಿನ ಮಗ್ಗಲು ನೋಡಿದ. ಆಮೇಲೆ ಎರಡು ಅಂಗೈಯಲ್ಲಿ ಎರಡನ್ನೂ ಇಟ್ಟುಕೊಂಡು ತಕ್ಕಡಿಯಾದ. ದೊಡ್ಡದು ಧಸ್ಸೆಂದು ಕೆಳಗೆ ಬಂತು. ಗಿಡ್ಡದು ಮೇಲೆ.

"ಇದೇನ್ ತಂಗಿ, ಬೆಂಡಿನಂಗ ಹಗೂರ ಐತಿ! ಪ್ಲಾಸ್ಟಿಕ್ಕು. ಇದನ್ನ ನೋಡು, ಕೈ ಇಳೀತೈತಿ. ಖರೇ ಮಾಲು ಅಂದ್ರ ಇದು."

ನನಗೂ ಹಾಗೆಯೇ ಅನಿಸಿತು. ಭಾರ ಇದ್ದದ್ದು ಖರೆ, ಹಗುರ ಇದ್ದದ್ದು ಖೋಟಾ ಎಂದು ಹಾಲಿನ ಜೊತೆ ಕುಡಿದವಳು ನಾನು. ಮೇಲಾಗಿ ಆ ಉದ್ದ ಲೆನ್ಸನ್ನು ಕೊರಳಿಗೆ ಹಾಕಿಕೊಂಡು ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವ ನನ್ನ ಚಿತ್ರ ಆಗಲೇ ಮನಸ್ಸಿನಲ್ಲಿ ತೆಗೆದುಕೊಂಡಾಗಿತ್ತು. ಲೆನ್ಸನ್ನು ತೂಕ ನೋಡಿ ಕೊಂಡವರು ಈ ಭೂಮಿಯ ಮೇಲೆ ನಾವಿಬ್ಬರೇ ಇರಬೇಕು.

ಮಾರನೆಯ ಬೆಳಿಗ್ಗೆ ನಾರಾಯಣಪೇಟೆಗೆ ಹೋಗಿ ಮಗ್ಗದ ಕೋಣೆಯಲ್ಲಿ ಠಾಣೆ ಹೂಡಿದೆ. ಆ ಕೋಣೆಯನ್ನು ನೀವು ನೋಡಬೇಕು. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಅವ್ವ ಮತ್ತು ಕಾಕಾ ಅಕ್ಕಪಕ್ಕ ಕೂತರೆ ಮೂರನೆಯವರು ಉಸಿರು ಒಳಗೆ ಎಳೆದುಕೊಂಡೇ ನಿಲ್ಲಬೇಕು. ಬೆಳಕು ಬರಲು ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಅಷ್ಟೆ. ಉದ್ದ ಲೆನ್ಸು ಹಾಕಿ ಕಣ್ಣಿಗೆ ಹಿಡಿದೆ. ಅವ್ವನ ಮೂಗುತಿ ಕಾಣಿಸಿತು. ಬರೀ ಮೂಗುತಿ. ಹಿಂದೆ ಸರಿದೆ, ಒಂದು ಕಿವಿ ಬಂತು. ಇನ್ನೂ ಸರಿದೆ, ಹೊಸ್ತಿಲು ದಾಟಿದೆ, ಅಂಗಳ ದಾಟಿದೆ, ಮುಂದಿನ ಅಂಗಡಿಯನ್ನೂ ದಾಟಿದೆ. ಅವ್ವನ ಪೂರ್ತಿ ಮುಖ ಹಿಡಿಯುವ ಹೊತ್ತಿಗೆ ನಾನು ಓಣಿಯಲ್ಲಿ, ಎದುರು ಮನೆಯ ಎಮ್ಮೆಯ ಪಕ್ಕದಲ್ಲಿ ನಿಂತಿದ್ದೆ. ಅಲ್ಲಿಂದ ನೋಡಿದರೆ ಕೋಣೆ ಒಳಗೆ ಕತ್ತಲೆ. ಒತ್ತಿದರೆ ಮಸಿ. ಎಮ್ಮೆ ನನ್ನ ಲೆನ್ಸನ್ನು ನೆಕ್ಕಿತು. ಅದೂ ಮುಟ್ಟಿ ನೋಡುವ ಪೈಕಿಯೇ.

ಪೆಟ್ಟಿಗೆಯ ಜೊತೆ ಬಂದ ಸಣ್ಣ ಲೆನ್ಸು ಹಾಕಿದೆ. ಅದು ಕೋಣೆಯೊಳಗೆ ಹಿಡಿಸಿತು, ಆದರೆ ಕತ್ತಲೆಗೆ ಹೆದರಿ ತಾನಾಗಿಯೇ ಫ್ಲಾಶು ಎಬ್ಬಿಸಿತು. ಅವ್ವನ ರೆಪ್ಪೆ ಬಿತ್ತು. ಫ್ಲಾಶು ಮಲಗಿಸಿ ಒತ್ತಿದೆ, ಅವ್ವನ ಬದಲು ಹೊಗೆಯಂಥ ಮಸುಕು ಬಂತು. ಮತ್ತೆ ಫ್ಲಾಶು, ಮತ್ತೆ ರೆಪ್ಪೆ. ಸಂಜೆಯ ಹೊತ್ತಿಗೆ ನನ್ನ ಹೊಸ ಕ್ಯಾಮೆರಾದ ತುಂಬ ನಿದ್ದೆ ಮಾಡುವ ಅವ್ವಂದಿರು. ನನಗೆ ಅಳು ಬಂತು, ಸಿಟ್ಟೂ ಬಂತು. ಅವ್ವ ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡು, "ನನ್ನ ಹಣೇಬರಾದಾಗ ಕಣ್ಣು ಬರದಿಲ್ಲ ಬಿಡವಾ" ಎಂದು ಚಹಾಕ್ಕೆ ಇಡಲು ಎದ್ದು ಹೋದಳು. ಆವತ್ತು ಹೊಸ ಓಲೆ ಹಾಕಿಕೊಂಡಿದ್ದಳು. ಒಳಗೆ ಹೋಗಿ ಅವನ್ನು ತೆಗೆದಿಟ್ಟದ್ದನ್ನು ನಾನು ನೋಡಿದೆ.

ಕಾಕಾ ಕ್ಯಾಮೆರಾದ ಪರದೆಯಲ್ಲಿ ಒಂದೊಂದೇ ಚಿತ್ರ ಸರಿಸಿ ನೋಡಿ, ಮೀಸೆಯ ಎರಡೂ ತುದಿ ತಿರುವಿದ.

"ತಂಗಿ, ನನ್ನ ಮಾತು ಕೇಳು. ವೈನಿ ಕಣ್ಣು ಬಿಟ್ಟ ಫೋಟೊ ನೀ ತಗದ್ರ, ನಾ ಈ ಮೀಸಿ ಬೋಳಿಸ್ಕೊಂತೀನಿ. ಓಣಿ ಮಂದೀ ಮುಂದ."

"ಮಾತು ತಪ್ಪಬಾರ್ದು ಕಾಕಾ."

"ನಿಮ್ಮಪ್ಪನ ತಮ್ಮ ಅದೀನಿ. ಮೀಸಿ ಮೇಲೆ ಆಣಿ."

ಓಣಿಯಲ್ಲಿ ಆ ಸುದ್ದಿ ಹಬ್ಬಲು ಚಹಾ ಕುದಿಯುವಷ್ಟೂ ಹೊತ್ತು ಹಿಡಿಯಲಿಲ್ಲ. ಮರುದಿನ ತರಕಾರಿಯವಳು ಕೂಡ, "ಏನ್ರೀ ಟೀಚರಮ್ಮ, ಮೀಸಿ ಯಾವಾಗ ಇಳಸ್ತೀರಿ?" ಎಂದು ಕೇಳಿದಳು.

ಮಕ್ತಲ್‌ಗೆ ಮರಳುವ ಬಸ್ಸಿನಲ್ಲಿ ಆ ಭಾರದ ಲೆನ್ಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅಂಗಡಿಯವರು ಹೇಳಿದ್ದ ಮಾತು ಈಗ ಕಿವಿಯೊಳಗೆ ಇಳಿಯಿತು. ಕತ್ತಲ ಕೋಣೆ, ಅಗಲ ಬಾಯಿ, ಫ್ಲಾಶ್ ಬೇಡ. ಮುಂದಿನ ಸೀಟಿನ ಮುದುಕ ಬೀಡಿ ತುಟಿಗಿಟ್ಟು ಪಕ್ಕದವನನ್ನು ಕಡ್ಡಿಪೆಟ್ಟಿಗೆ ಕೇಳಿದ. ಕಂಡಕ್ಟರು ಅವನನ್ನು ಬೈದ. ನಾನು ಒಬ್ಬಳೇ ಗಟ್ಟಿಯಾಗಿ ನಕ್ಕುಬಿಟ್ಟೆ. ಮುದುಕ ತನ್ನನ್ನು ನೋಡಿ ನಕ್ಕಳೆಂದು ತಿರುಗಿ ಕೂತ.

ಮುಂದಿನ ಭಾನುವಾರ ಕಾಕಾನನ್ನು ಎಳೆದುಕೊಂಡು ಮತ್ತೆ ಅದೇ ಅಂಗಡಿಗೆ ಹೋದೆ. ಬದಲಿಸಿಕೊಡುತ್ತೀರಾ ಎಂದೆ. ಅವರು ಲೆನ್ಸನ್ನು ಬೆಳಕಿಗೆ ಹಿಡಿದು, "ಇದರಾ ಮ್ಯಾಲೆ ಚಾಚಾಂದು ಅಂಗೂಠಾ ಇನ್ನಾ ಐತಿ" ಎಂದು ಹೆಬ್ಬೆರಳ ಗುರುತು ತೋರಿಸಿ ನಕ್ಕು ಒಪ್ಪಿದರು. ಎಮ್ಮೆಯ ನಾಲಿಗೆಯ ವಿಷಯ ನಾನು ಎತ್ತಲಿಲ್ಲ. ಒಪ್ಪದವನು ಕಾಕಾ. ಗಿಡ್ಡ ಲೆನ್ಸನ್ನು ಅಂಗೈಯಲ್ಲಿ ಎತ್ತಿ ಎತ್ತಿ ನೋಡಿ, "ಹಗೂರ ಐತಿ, ಮೋಸ ಹೋಗ್ತೀ" ಎಂದು ಹಟ ಹಿಡಿದ.

ಆಗ ನಾನು ಬಸ್ಸಿನಿಂದ ಕಟ್ಟಿಕೊಂಡು ಬಂದಿದ್ದ ಮಾತನ್ನು ಬಿಚ್ಚಿದೆ. "ಕಾಕಾ, ನಿನ್ನ ಜೇಬಿನ್ಯಾಗ ಏನೈತಿ ತಗಿ."

ಅವನು ಅಭ್ಯಾಸದಂತೆ ಕಡ್ಡಿಪೆಟ್ಟಿಗೆ ತೆಗೆದ.

"ಅವ್ವನ ಸೀರಿ ಇದ್ರಾಗ ತುರುಕಿ, ನೋಡ್ರಿ ಎಷ್ಟು ಹಗೂರ, ಇದಕ್ಕ ಗದ್ವಾಲ್ ಅಂತಾರ ಅಂತ ಊರೆಲ್ಲಾ ಡಂಗುರ ಹೊಡೀತಿ. ಸೀರಿ ಹಗೂರ ಇದ್ರ ಭಾರೀ ಮಾಲು, ಲೆನ್ಸು ಹಗೂರ ಇದ್ರ ಖೋಟಾ ಏನು? ಇದು ಯಾವೂರ ನ್ಯಾಯ?"

ಕಾಕಾ ಕಡ್ಡಿಪೆಟ್ಟಿಗೆ ನೋಡಿದ. ಲೆನ್ಸು ನೋಡಿದ. ಅಂಗಡಿಯವರನ್ನು ನೋಡಿದ. ಕಡ್ಡಿಪೆಟ್ಟಿಗೆಯನ್ನು ಮೆಲ್ಲಗೆ ಮತ್ತೆ ಜೇಬಿಗೆ ಇಳಿಬಿಟ್ಟ. ನನಗಾದ ಸಂತೋಷ ಏನೆಂದು ಹೇಳಲಿ! ಕುಸ್ತಿಯಲ್ಲಿ ಗೆದ್ದವರನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಾರಲ್ಲ, ಕೋಠಿಯ ಆ ಬೀದಿಯಲ್ಲಿ ನನ್ನನ್ನು ಹೊರುವವರು ಯಾರೂ ಇರಲಿಲ್ಲ, ಅದೊಂದೇ ಕೊರತೆ. ಕಡೆಗೆ ಕಾಕಾ, "ಮೀಸಿಗೆ ಕೇಡುಗಾಲ ಬಂದಂಗ ಕಾಣ್ತೈತಿ" ಎಂದು ಗೊಣಗಿ, ಗಿಡ್ಡ ಲೆನ್ಸನ್ನು ತಾನೇ ಜೇಬಿಗಿಟ್ಟುಕೊಂಡು ಬಂದ. ದಾರಿಯುದ್ದಕ್ಕೂ ಅದು ಇದೆಯೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ನೋಡಿಕೊಂಡ.

ಐವತ್ತರ ಲೆನ್ಸು ಹಾಕಿ ಮಗ್ಗದ ಕೋಣೆಗೆ ಹೋದ ದಿನ ಬೆಳಕಿಂಡಿಯಿಂದ ಬಿಸಿಲು ಇಳಿದು ಬದನೆಕಾಯಿ ಬಣ್ಣದ ಎಳೆಗಳ ಮೇಲೆ ಬಿದ್ದಿತ್ತು. ಕಣ್ಣಿಗೆ ಹಿಡಿದರೆ ಕತ್ತಲೆ ಎಲ್ಲಿ ಹೋಯಿತೋ! ಅವ್ವನ ಗಲ್ಲದ ಹಸಿರು ಹಚ್ಚೆ, ಹಣೆಯ ವಿಭೂತಿ, ಎಲ್ಲ ಕಾಣಿಸಿತು. ಫ್ಲಾಶಿನ ಮಾತೇ ಇಲ್ಲ. ಲೆನ್ಸಿಗೆ ಹಿಂದೆ ಮುಂದೆ ಹೋಗಲು ಬರುವುದಿಲ್ಲವಾದ್ದರಿಂದ ನಾನೇ ತೆವಳಿಕೊಂಡು ಹೋಗಿ, ಕಾಕಾನ ಬೆನ್ನ ಹಿಂದೆ ಗೋಡೆಗೆ ಅಂಟಿ ಕೂತೆ. ಅವನ ಹೆಗಲ ಮೇಲಿಂದ ಅವ್ವನ ಮುಖ. ಗೆದ್ದೇಬಿಟ್ಟೆ ಎಂದುಕೊಂಡೆ.

ಗೆದ್ದಿರಲಿಲ್ಲ. ಫ್ಲಾಶ್ ಇಲ್ಲದ್ದರಿಂದ ಅವ್ವ ಕಣ್ಣು ಮುಚ್ಚಲಿಲ್ಲ ನಿಜ. ಆದರೆ ನೇಯುವವರು ನೋಡುವುದು ಎಲ್ಲಿ? ಕೆಳಗೆ, ಎಳೆಯ ಮೇಲೆ. ಚಿತ್ರದಲ್ಲಿ ಮತ್ತೆ ಅದೇ ಇಳಿದ ರೆಪ್ಪೆ, ಅದೇ ಧ್ಯಾನ. "ಅವ್ವಾ, ಈ ಕಡೆ ನೋಡು" ಎಂದರೆ ಕ್ಯಾಮೆರಾ ಕಂಡ ಕೂಡಲೇ ಹಳೆಯ ಭಯಕ್ಕೆ ರೆಪ್ಪೆ ಮಿಟುಕುತ್ತಿತ್ತು. ಸಂಘದವರು ಮರುದಿನವೇ ಫೋಟೊ ಕೊಡಬೇಕೆಂದು ಹೇಳಿ ಕಳಿಸಿದ್ದರು. ಲಾಳಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡುತ್ತಿತ್ತು. ಅವ್ವ ಮೈಯ ಎಳೆ ಕಳಿಸುವುದು, ಕಾಕಾ ಅಂಚಿನ ಎಳೆ ಸಿಕ್ಕಿಸುವುದು. ಇಬ್ಬರ ನಡುವೆ ಮಾತಿಲ್ಲ. ಒಂದೇ ಮಗ್ಗದ ಮೇಲೆ ಕೂತವರು ಮಾತಾಡುವುದಿಲ್ಲ, ಒಬ್ಬರ ಕೈ ತಪ್ಪಿದರೆ ಇನ್ನೊಬ್ಬರು ತಲೆಯೆತ್ತಿ ಒಂದು ಸಲ ನೋಡುತ್ತಾರೆ, ಅಷ್ಟೇ. ಆ ನೋಟ ನಾನು ಕಂಡೇ ಇರಲಿಲ್ಲ, ಏಕೆಂದರೆ ಕಾಕಾನ ಕೈ ತಪ್ಪಿದ್ದನ್ನು ಕಂಡಿರಲಿಲ್ಲ.

ಆಗ ಕಾಕಾ ಒಂದು ಎಳೆ ಬಿಟ್ಟ.

ಅವ್ವನ ಕೈ ನಿಂತಿತು. ತಲೆಯೆತ್ತಿ ಕಾಕಾನ ಕಡೆ ತಿರುಗಿದಳು. ಅಬ್ಬಾ ಆ ಕಣ್ಣು! ಓಣಿಯವರೆಲ್ಲ ಹೇಳುತ್ತಿದ್ದ, ಅಪ್ಪ ಮೆಚ್ಚಿದ್ದ, ನಾನು ಅಕ್ಷರ ತಪ್ಪಿ ಬರೆದಾಗಲೆಲ್ಲ ನಡುಗಿಸಿದ್ದ ಆ ಎರಡು ಕಣ್ಣು ಪೂರ್ತಿ ತೆರೆದು, ಬಿಸಿಲು ತುಂಬಿಕೊಂಡು, ಕಾಕಾನ ಹೆಗಲ ಮೇಲಿಂದ ನೇರವಾಗಿ ನನ್ನ ಲೆನ್ಸಿಗೆ ಬಂದವು. ಒತ್ತಿದೆ. ಇನ್ನೊಮ್ಮೆ ಒತ್ತಿದೆ.

"ಎಲ್ಲಿ ಐತೋ ಲಕ್ಷ್ಯ?" ಎಂದಳು ಅವ್ವ, ಬಿಟ್ಟ ಎಳೆ ಬಿಚ್ಚಿ ಸರಿಮಾಡುತ್ತ.

"ತಪ್ಪಾತ್ರೀ ವೈನಿ" ಎಂದ ಕಾಕಾ, ತಲೆ ಬಗ್ಗಿಸಿ.

ನಾನು ಕೂಗಿದ ಕೂಗಿಗೆ ಎದುರು ಮನೆಯ ಎಮ್ಮೆ ಗೂಟ ಕೀಳಲು ನೋಡಿತಂತೆ. ಓಣಿಯೇ ಮಗ್ಗದ ಕೋಣೆಯ ಬಾಗಿಲಿಗೆ ಬಂತು. ಕ್ಯಾಮೆರಾದ ಪರದೆ ಕೈಯಿಂದ ಕೈಗೆ ಹೋಗಿ ಬಂತು. ಅವ್ವ ಕಡೆಗೆ ತಾನೂ ಇಸಿದುಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು. "ಮಗ್ಗದ ಮ್ಯಾಲೆ ನಾ ಹಿಂಗ ಇರ್ತೀನೇನು?" ಎಂದಳು. "ಇಷ್ಟು ಚಂದ ಇರ್ತೀನಂತ ಯಾರೂ ಹೇಳಿಲ್ಲಲ್ಲ." ಅವಳು ಒಳಗೆ ಹೋಗಿ ತೆಗೆದಿಟ್ಟಿದ್ದ ಓಲೆಗಳನ್ನು ಹಾಕಿಕೊಂಡು ಬಂದಳು.

ಮೀಸೆ ಅದೇ ಸಂಜೆ, ಹೇಳಿದ ಮಾತಿನಂತೆ, ಓಣಿ ಮಂದಿಯ ಮುಂದೆ ಇಳಿಯಿತು. ಕ್ಷೌರದ ಹಡಪದಣ್ಣ ಎರಡು ಸಲ, "ಖರೇನೇನ್ರೀ ಬಸಣ್ಣ?" ಎಂದು ಕೇಳಿಕೊಂಡೇ ಕತ್ತಿ ಇಟ್ಟ. ಕಾಕಾನ ಮೇಲ್ದುಟಿ ಹೊರಗೆ ಬಂದಾಗ ಎಲ್ಲರೂ ಕತ್ತು ಚಾಚಿ ನೋಡಿದರು. ಅಷ್ಟು ಬೆಳ್ಳಗಿನ ತುಟಿಯನ್ನು ಅವನ ಹೆಂಡತಿಯೂ ನೋಡಿರಲಿಲ್ಲ. ಕಾಕಿ ಸೆರಗು ಬಾಯಿಗಿಟ್ಟು ಒಳಗೆ ಓಡಿದಳು. ನಾನು ಓಣಿಯ ನಡುವೆ ಕ್ಯಾಮೆರಾ ಎತ್ತಿಕೊಂಡು ರಾಣಿಯ ಹಾಗೆ ತಿರುಗಾಡಿದೆ, ಈ ಐವತ್ತರ ಮಹಿಮೆ ನೋಡ್ರಿ ಎಂದು ಕಂಡಕಂಡವರಿಗೆ ಹೇಳಿದೆ. ಒಂದು ವಾರ ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ.

ಕೃಷ್ಣೆಯ ಜೂರಾಲ ಅಣೆಕಟ್ಟು ದಾಟಿ ನಾವೆಲ್ಲ ಗದ್ವಾಲಿಗೆ ಹೋದೆವು. ಕೋಟೆಯೊಳಗೆ ಸೀರೆಗಳ ಸಾಲು, ಮೇಲೆ ಮುಖಗಳ ಸಾಲು. ಬದನೆಕಾಯಿ ಬಣ್ಣದ ಸೀರೆಯ ಮೇಲೆ ಅವ್ವ. ಕೆಳಗೆ ಅವಳ ಹೆಸರು, ಅವಳದೊಂದೇ. ಜನ ಬಂದವರು ಆ ಫೋಟೊದ ಮುಂದೆ ನಿಂತು ತಮ್ಮ ಸೆರಗು, ಅಂಗಿ ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದರು, ಅಂಥ ನೋಟ. ಅವ್ವನ ಜೊತೆ ಸಣ್ಣಂದಿನಲ್ಲಿ ಆಡಿದ ಮುದುಕಿಯೊಬ್ಬಳು ದೂರದಿಂದಲೇ, "ನಮ್ಮ ನೀಲಮ್ಮನ ಕಣ್ಣು ನೋಡ್ರೇ!" ಎಂದು ತೆಲುಗಿನವರಿಗೂ ಕನ್ನಡದಲ್ಲೇ ಹೇಳುತ್ತ ಬಂದಳು. ಚಿತ್ರದ ಎಡ ಮೂಲೆಯಲ್ಲಿ ಮಸುಕಾಗಿ, ಕರ್ರಗೆ, ಚೂಪಾಗಿ ಏನೋ ಒಂದು ಇಣುಕಿತ್ತು. ಅದೇನು ಎಂದು ಎಲ್ಲರೂ ಕೇಳಿದರು. ಕಾಕಾನ ಮೀಸೆಯ ತುದಿ. ನಾನು ಬೇಕೆಂದೇ ಕತ್ತರಿಸಿರಲಿಲ್ಲ.

ಜನ ಕರಗಿದ ಮೇಲೆ ಅವ್ವ ಆ ಮೂಲೆಯನ್ನೇ ನೋಡುತ್ತ ನಿಂತಳು. ಫೋಟೊದ ಕಾಗದವನ್ನು ಹೆಬ್ಬೆರಳು ತೋರುಬೆರಳಿನಿಂದ ಮೆಲ್ಲಗೆ ತಿಕ್ಕಿದಳು. ಆಮೇಲೆ ಪಕ್ಕದಲ್ಲಿದ್ದ ಕಾಕಾನ ಕಡೆ ತಿರುಗದೆಯೇ ಕೇಳಿದಳು.

"ಬಸಣ್ಣ, ನನ್ನ ಬಾಜೂಕ ಕುಂತಾಗಿಂದ ನಿನ್ನ ಕೈ ಒಂದ ಎಳಿ ತಪ್ಪಿದ್ದಿಲ್ಲ. ಅವತ್ತೊಂದ ದಿನ ಯಾಕ ತಪ್ಪಿತೋ?"

ಕಾಕಾ ಬೋಳು ತುಟಿಯ ಮೇಲೆ ಕೈ ಆಡಿಸಿಕೊಂಡ. ಗೋಡೆಯ ಮೇಲಿನ ಅವ್ವನನ್ನು ನೋಡಿದ.

"ಮೀಸಿ ಏನ್ರೀ ವೈನಿ, ಮತ್ತ ಬರ್ತೈತಿ. ಈ ಗ್ವಾಡಿ ಮತ್ತ ಬರ್ತಿತ್ತೇನ್ರೀ?"

ನಾನು ಕ್ಯಾಮೆರಾ ಎತ್ತಿ ಒತ್ತಿದೆ. ಆ ಚಿತ್ರದಲ್ಲಿ ಕಾಕಾನಿಗೆ ಮೀಸೆ ಇಲ್ಲ, ಅವ್ವ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಿದ್ದಾಳೆ. ಮಕ್ತಲಿನ ನಮ್ಮ ಮನೆಯ ಗೋಡೆಯ ಮೇಲೆ ನಾನು ಹಾಕಿಕೊಂಡಿರುವುದು ಅದನ್ನೇ.